ಪ್ರಶ್ನೋತ್ತರ: 20 ಇಂಚಿನ ಚಕ್ರ ಬಂದರೆ ಪಿಕಪ್‌ನ ಪೇಲೋಡ್ ಎಷ್ಟು ಇಳಿಯುತ್ತದೆ?

ಪ್ರಶ್ನೆ: ನಾವಿರುವುದು ಡಲ್ಲಾಸ್ ಹತ್ತಿರ. ಫೋರ್ಡ್ ಎಫ್-150 ಸೂಪರ್‌ಕ್ರೂ, 4x4, ಒಂದೇ ಎಂಜಿನ್ನಿನ ಎರಡು ಗಾಡಿ ನೋಡಿದೆವು. 18 ಇಂಚಿನ ಚಕ್ರದ ಎಕ್ಸ್‌ಎಲ್‌ಟಿ ಬಾಗಿಲಿನ ಹಳದಿ ಸ್ಟಿಕರ್‌ನಲ್ಲಿ ಪೇಲೋಡ್ (ಜನ, ಸಾಮಾನು ಸೇರಿ ಗಾಡಿ ಹೊರಬಹುದಾದ ತೂಕ) 1,780 ಪೌಂಡ್ ಅಂತ ಇದೆ, 20 ಇಂಚಿನ ಪ್ಲಾಟಿನಮ್‌ನಲ್ಲಿ 1,390. ಎರಡಿಂಚಿಗೆ 390 ಪೌಂಡ್ ಹೋಗುತ್ತದೆಯೇ? ಪ್ಲಾಟಿನಮ್ ಕೊಂಡು 18ರ ಚಕ್ರ ಹಾಕಿಸಿದರೆ ವಾಪಸ್ ಬರುತ್ತದೆಯೇ? ಮನೆಯಲ್ಲಿ ನಾಲ್ಕು ಜನ, 6,500 ಪೌಂಡಿನ ಟ್ರಾವೆಲ್ ಟ್ರೇಲರ್ ಎಳೆಯಬೇಕು.

ಉತ್ತರ: ಆ 390ರಲ್ಲಿ ಚಕ್ರದ ಪಾಲು ಬಹಳ ಸಣ್ಣದು. ರಿಮ್ಮು, ಟೈರು ಸೇರಿ ಒಂದೊಂದು ಚಕ್ರ ಹತ್ತು ಪೌಂಡ್ ಹೆಚ್ಚು ತೂಗುತ್ತದೆ ಎಂದಿಟ್ಟುಕೊಂಡರೂ ನಾಲ್ಕಕ್ಕೆ 40. ಉಳಿದದ್ದೆಲ್ಲ ಆ ಟ್ರಿಮ್ (ಮಾದರಿಯ ದರ್ಜೆ) ಜೊತೆ ಬರುವ ಸಾಮಾನಿನ ತೂಕ: ಪನೋರಮಿಕ್ ಸನ್‌ರೂಫ್, ಪವರ್ ರನ್ನಿಂಗ್ ಬೋರ್ಡ್, ಮೋಟಾರು ಕೂರಿಸಿದ ಸೀಟುಗಳು. ದೊಡ್ಡ ಟ್ಯಾಂಕನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಾಡಿಯ ಸ್ವಂತ ತೂಕವನ್ನು ಟ್ಯಾಂಕ್ ತುಂಬಿಸಿಯೇ ಹಾಕುತ್ತಾರೆ. 23 ಗ್ಯಾಲನ್ ಬದಲು 36 ಗ್ಯಾಲನ್ ಟ್ಯಾಂಕ್ ಇದ್ದರೆ, ಗ್ಯಾಲನ್ನಿಗೆ ಸುಮಾರು 6.1 ಪೌಂಡಿನಂತೆ, ಪೆಟ್ರೋಲೊಂದೇ 80 ಪೌಂಡ್ ಕಡಿತ. ಪೇಲೋಡ್ ಅಂದರೆ ಒಟ್ಟು ಅನುಮತಿತ ತೂಕದಿಂದ (ಜಿವಿಡಬ್ಲ್ಯೂಆರ್) ಆ ಗಾಡಿಯ ಸ್ವಂತ ತೂಕ ಕಳೆದಾಗ ಉಳಿಯುವುದು. ಹಾಗಾಗಿ 18ರ ಚಕ್ರ ಹಾಕಿಸಿದರೆ ನಿಮಗೆ ಸಿಗುವುದು ಆ ಕೆಲವು ಪೌಂಡ್ ಅಷ್ಟೇ, ಸ್ಟಿಕರ್ ಬದಲಾಗುವುದಿಲ್ಲ.

ಹಾಗಂತ ಚಕ್ರದ ಅಳತೆ ಲೆಕ್ಕಕ್ಕಿಲ್ಲ ಎಂದಲ್ಲ. ಭಾರ ಹೊರುವುದು ಟೈರಿನೊಳಗಿನ ಗಾಳಿ. ರಿಮ್ ದೊಡ್ಡದಾಗಿ ಟೈರಿನ ಹೊರ ಅಳತೆ ಹೆಚ್ಚುಕಡಿಮೆ ಅಷ್ಟೇ ಉಳಿದರೆ ಗಾಳಿಯ ಜಾಗ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಸಿಗುವ 275/65ಆರ್18 ಟೈರಿನ ಲೋಡ್ ಇಂಡೆಕ್ಸ್ (ಒಂದು ಟೈರು ಹೊರುವ ಭಾರದ ಸಂಕೇತ) 116, ಅಂದರೆ 2,756 ಪೌಂಡ್. 275/55ಆರ್20ಕ್ಕೆ 113, ಅಂದರೆ 2,535. 275/50ಆರ್22ಕ್ಕೆ 111, ಅಂದರೆ 2,403. ಇವು ಕಾರಿನ ವರ್ಗದ ಟೈರುಗಳು; ಟ್ರಕ್ಕಿಗೆ ಹಾಕಿದಾಗ ಅಮೆರಿಕದ ನಿಯಮದಂತೆ 1.10ರಿಂದ ಭಾಗಿಸಬೇಕು. ಆಗ ಒಂದು ಆಕ್ಸಲ್‌ನ ಎರಡು ಟೈರಿಗೆ 18ರಲ್ಲಿ ಸುಮಾರು 5,010, 20ರಲ್ಲಿ 4,610, 22ರಲ್ಲಿ 4,370 ಪೌಂಡ್. ಹಿಂದಿನ ಆಕ್ಸಲ್ ರೇಟಿಂಗ್ (ಆ ಆಕ್ಸಲ್ ಹೊರಬಹುದಾದ ಮಿತಿ) 4,500 ಇರುವ ಗಾಡಿಗೆ 22ರ ಈ ಟೈರು ಸಾಲುವುದೇ ಇಲ್ಲ. ಕಂಪನಿಯವರು ಹೆಚ್ಚು ಹೊರುವ ಪ್ಯಾಕೇಜುಗಳನ್ನು ಸಣ್ಣ ರಿಮ್ಮು, ಎಲ್‌ಟಿ (ಲೈಟ್ ಟ್ರಕ್ ವರ್ಗದ) ಟೈರುಗಳ ಜೊತೆ ಕೊಡುವುದು ಇದಕ್ಕೇ. 2021ರ ಎಫ್-150ಗೆ ಜಾಹೀರಾತಿನಲ್ಲಿ ಹೇಳಿದ 3,325 ಪೌಂಡ್ ಎಲ್ಲ ಗಾಡಿಗೂ ಅಲ್ಲ, ಸರಿಯಾದ ಪ್ಯಾಕೇಜ್ ಇರುವ ಕೆಲಸದ ಗಾಡಿಗೆ.

ಈಗ ನಿಮ್ಮ ಲೆಕ್ಕ. ಟ್ರೇಲರ್ ತೂಕದ 10ರಿಂದ 15 ಶೇಕಡಾ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತದೆ, ಅದೂ ಪೇಲೋಡೇ. 13 ಶೇಕಡಾ ಹಿಡಿದರೆ 845. ಭಾರವನ್ನು ಆಕ್ಸಲ್‌ಗಳಿಗೆ ಹಂಚುವ ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ 90. ನಾಲ್ಕು ಜನ, ಚಾಲಕರೂ ಸೇರಿ, 560. ಒಟ್ಟು 1,495. ಪ್ಲಾಟಿನಮ್ ಒಂದು ಚೀಲ ಇಡುವ ಮೊದಲೇ 105 ಪೌಂಡ್ ಮಿತಿ ದಾಟಿತು. ಎಕ್ಸ್‌ಎಲ್‌ಟಿಯಲ್ಲಿ 285 ಉಳಿಯಿತು. ನಾನಾದರೆ ಎಕ್ಸ್‌ಎಲ್‌ಟಿಯನ್ನೇ ಹೇಳುತ್ತೇನೆ, ಎರಡನೇ ಮಾತಿಲ್ಲ.

ಮರುಪ್ರಶ್ನೆ: ಡೀಲರ್ ಟೋನೋ ಕವರ್ (ಹಿಂದಿನ ತೊಟ್ಟಿಯ ಮುಚ್ಚಳ), ಟೂಲ್‌ಬಾಕ್ಸ್ ಸೇರಿಸಿ ಕೊಡುತ್ತಾರಂತೆ. ಸ್ಟಿಕರ್‌ನ ಅಂಕಿಯಲ್ಲಿ ಅದು ಸೇರಿರುತ್ತದೆಯೇ?

ಉತ್ತರ: ಮೊದಲ ಮಾರಾಟಕ್ಕೂ ಮುನ್ನ ಸೇರಿಸಿದ ತೂಕ 100 ಪೌಂಡ್ ಅಥವಾ ಜಿವಿಡಬ್ಲ್ಯೂಆರ್‌ನ 1.5 ಶೇಕಡಾ, ಯಾವುದು ಕಡಿಮೆಯೋ ಅದನ್ನು ದಾಟಿದರೆ ಅಂಕಿಯನ್ನು ತಿದ್ದಲೇಬೇಕು. ಅದರೊಳಗಿದ್ದರೆ ತಿದ್ದಬೇಕಿಲ್ಲ, ಕೊಂಡ ಮೇಲೆ ಹಾಕಿಸಿದ್ದಕ್ಕೂ ಇಲ್ಲ. ಅದನ್ನೆಲ್ಲ ನೀವೇ ಕಳೆಯಬೇಕು.

ಇನ್ನೊಬ್ಬ ಸದಸ್ಯರು: ಇ ಗ್ರೇಡಿನ (ಹೆಚ್ಚು ಗಾಳಿ ಒತ್ತಡದಲ್ಲಿ ಹೆಚ್ಚು ಭಾರ ಹೊರುವ) ಎಲ್‌ಟಿ ಟೈರು, ಹಿಂದೆ ಸಸ್ಪೆನ್ಷನ್‌ಗೆ ಆಸರೆಯಾಗುವ ಏರ್‌ಬ್ಯಾಗ್ ಹಾಕಿದರೆ ಪೇಲೋಡ್ ಏರುವುದಿಲ್ಲವೇ?

ಉತ್ತರ: ಏರುವುದಿಲ್ಲ. ಜಿವಿಡಬ್ಲ್ಯೂಆರ್‌ನಲ್ಲಿ ಫ್ರೇಮು, ಬ್ರೇಕು, ಆಕ್ಸಲ್, ಬೇರಿಂಗ್ ಎಲ್ಲದರ ಮಿತಿ ಸೇರಿದೆ. ಏರ್‌ಬ್ಯಾಗ್ ಕುಸಿದ ಹಿಂಭಾಗವನ್ನು ಎತ್ತಿ ತೋರಿಸುತ್ತದೆ, ಆಕ್ಸಲ್ ಮೇಲಿನ ಭಾರ ಅಷ್ಟೇ ಇರುತ್ತದೆ. ಇ ಗ್ರೇಡಿನ ಟೈರು ತಾನೇ ಹೆಚ್ಚು ತೂಗುವುದರಿಂದ ಪೇಲೋಡ್ ಸ್ವಲ್ಪ ಇಳಿದೀತು. ಆದರೂ ಭಾರದಲ್ಲಿ ಸೈಡ್‌ವಾಲ್ ಓಲಾಡುವುದು ಕಡಿಮೆಯಾಗುತ್ತದೆ. ಟ್ರೇಲರ್ ಎಳೆಯುವವರಿಗೆ ನಾನು ಬೇಡ ಎನ್ನುವುದಿಲ್ಲ. ತಪ್ಪಾಗುವುದು ಗಾಳಿಯಲ್ಲಿ. ಎಲ್‌ಟಿ275/65ಆರ್18 ಇ ಟೈರಿನ 3,415 ಪೌಂಡ್ ಸಾಮರ್ಥ್ಯ 80 ಪಿಎಸ್‌ಐ ಗಾಳಿ ಒತ್ತಡದಲ್ಲಿ. ಹಳೆಯ ಅಭ್ಯಾಸದಂತೆ 35 ಇಟ್ಟರೆ ಅದು ತೆಗೆದ ಟೈರಿಗಿಂತ ಕಡಿಮೆ ಹೊರುತ್ತದೆ; ಸೈಡ್‌ವಾಲ್ ಬಿಸಿಯಾಗಿ ಟ್ರೆಡ್ ಕಿತ್ತುಬರುವುದು ಹೀಗೆಯೇ. ಟೈರ್ ಕಂಪನಿಯ ಲೋಡ್-ಪ್ರೆಶರ್ ಪಟ್ಟಿ ನೋಡಿ ಒತ್ತಡ ಇಡಿ. ಕಂಪನಿಯದಲ್ಲದ, ಹೊರಗೆ ಕೊಂಡ ರಿಮ್ ಆದರೆ ಹಿಂಬದಿಯಲ್ಲಿ ಅಚ್ಚಾಗಿರುವ ಲೋಡ್ ರೇಟಿಂಗ್ ಓದಿ: ಎರಡು ಪಟ್ಟು ಮಾಡಿದರೆ ಆಕ್ಸಲ್ ರೇಟಿಂಗ್ ಮುಟ್ಟಬೇಕು.

ಹೊರಡುವ ಮುನ್ನ ಟ್ಯಾಂಕ್ ತುಂಬಿಸಿ, ಎಲ್ಲರನ್ನೂ ಕೂರಿಸಿ, ಟ್ರೇಲರ್ ಸಮೇತ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ (ಗಾಡಿ ತೂಗುವ ತೂಕದ ಸೇತುವೆ) ಹತ್ತಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಬೇರೆಬೇರೆ ಬರುತ್ತವೆ. ಹಿಂದಿನ ಆಕ್ಸಲ್ ಅಂಕಿಯನ್ನೇ ಮೊದಲು ನೋಡಿ. ಬಹುತೇಕ ಮಿತಿ ದಾಟುವುದು ಅಲ್ಲೇ.

ಹುಬ್ಬಳ್ಳಿಯ ಸದಸ್ಯರು: ನಮ್ಮ ಬೊಲೆರೊ ಪಿಕಪ್‌ಗಳಿಗೆ ಇಂಥ ಸ್ಟಿಕರ್ ಕಾಣೆ. ಎಲ್ಲಿ ನೋಡುವುದು?

ಉತ್ತರ: ಆರ್‌ಸಿಯಲ್ಲಿ. ಲೇಡನ್ ತೂಕದಿಂದ (ಭಾರ ಸೇರಿ ಅನುಮತಿಸಿದ ಒಟ್ಟು ತೂಕ) ಅನ್‌ಲೇಡನ್ ತೂಕ (ಖಾಲಿ ಗಾಡಿಯದು) ಕಳೆಯಿರಿ. ಅನ್‌ಲೇಡನ್ ತೂಕದಲ್ಲಿ ಚಾಲಕರು ಸೇರಿರುವುದಿಲ್ಲ, ಅವರ ತೂಕವನ್ನೂ ಕಳೆಯಬೇಕು. ಆಮೇಲೆ ಕಟ್ಟಿಸಿದ ಕಬ್ಬಿಣದ ಕ್ಯಾರಿಯರ್, ಎತ್ತರಿಸಿದ ಪಕ್ಕಗಳ ತೂಕವನ್ನೂ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಕಲಂ 194ರಲ್ಲಿ ಅಧಿಕ ಭಾರಕ್ಕೆ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ 2,000 ಬೇರೆ. ಹೆಚ್ಚಿನ ಭಾರ ಇಳಿಸುವ ಖರ್ಚೂ ನಿಮ್ಮದೇ. ಟೈರ್ ಬದಲಿಸುವಾಗ ಪ್ಲೈ ರೇಟಿಂಗ್ (ಟೈರಿನ ಪದರಗಳ ಬಲದ ಅಳತೆ) ಮತ್ತು ಲೋಡ್ ಇಂಡೆಕ್ಸ್ ಎರಡೂ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಬಾರದು.