ನಿನ್ನೆ ತನಕ ಚೆನ್ನಾಗಿದ್ದ ಕೋಳಿಮರಿಗೆ ಇವತ್ತು ರಕ್ತಭೇದಿ ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ತುಮಕೂರು ಕಡೆ 1,500 ಗಿರಿರಾಜ ಕೋಳಿಮರಿ ಸಾಕಿದ್ದೇನೆ, ನಾಲ್ಕನೇ ವಾರ. ಹೋದ ವಾರದ ಮಳೆಗೆ ಶೆಡ್ಡಿನ ಒಂದು ಮೂಲೆಯಲ್ಲಿ ನೆಲಕ್ಕೆ ಹಾಸಿದ ಹೊಟ್ಟು ನೆನೆದಿತ್ತು. ಸೋಮವಾರದ ತನಕ ಫೀಡ್ ಚೆನ್ನಾಗೇ ತಿಂದವು. ಮಂಗಳವಾರ ಬೆಳಗ್ಗೆ ಹಿಕ್ಕೆಯಲ್ಲಿ ರಕ್ತ, 11 ಮರಿ ಸತ್ತಿದ್ದವು. ಕಾಕ್ಸಿ, ಅಂದರೆ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಅಂದರು. ಈ ರೋಗಾಣು ಕರುಳಿನ ಜೀವಕೋಶವನ್ನು ಸಾಯದ ಹಾಗೆ ಕಾಪಾಡುತ್ತೆ ಅಂತಲೂ ಒಬ್ಬರು ಹೇಳಿದರು. ಕಾಪಾಡಿದರೆ ಮರಿ ಯಾಕೆ ಸಾಯಬೇಕು? ತಲೆಗೇ ಹತ್ತಲಿಲ್ಲ.

ಉತ್ತರ (ಪಶುವೈದ್ಯೆ): ಕಾಪಾಡೋದು ನಿಜ, ಆದರೆ ಮರಿಗೋಸ್ಕರ ಅಲ್ಲ, ತನಗೋಸ್ಕರ. ಬೆಳೆ ಬಲಿಯುವ ತನಕ ಬೇಲಿ ಕಾಯ್ತೀವಿ, ಕೊಯ್ಲಾದ ಮೇಲೆ ಯಾರು ಕಾಯ್ತಾರೆ? ಹಾಗೇ ಇದು.

ನಿಮ್ಮಲ್ಲಿ ಬಂದಿರೋದು ಬಹುಶಃ ಐಮೀರಿಯಾ ಟೆನೆಲ್ಲಾ ಅನ್ನೋ ಕಾಕ್ಸಿ ರೋಗಾಣು. ಸತ್ತ ಮರಿಯನ್ನು ಕೊಯ್ಸಿ ನೋಡಿ. ಕರುಳಿನ ಕೊನೆಯ ಹತ್ತಿರ ಎರಡು ಕುರುಡು ಚೀಲ ಇರುತ್ತವೆ, ಸೀಕಾ ಅಂತಾರೆ. ಅವು ಊದಿಕೊಂಡು, ಒಳಗೆ ಕಪ್ಪುಗೆಂಪು ರಕ್ತ ತುಂಬಿದ್ದರೆ ಅನುಮಾನವೇ ಬೇಡ.

ಜೀವಕೋಶದ ಒಳಗೆ ರೋಗಾಣು ಅನ್ನೋ ಕಳ್ಳ ಹೊಕ್ಕರೆ ಸಾಮಾನ್ಯವಾಗಿ ಕೋಶ ತನ್ನನ್ನೇ ಕೊಂದುಕೊಳ್ಳುತ್ತದೆ. ಇದಕ್ಕೆ ಅಪೊಪ್ಟೋಸಿಸ್ ಅನ್ನುತ್ತೇವೆ. ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್ ಸಿ ಅನ್ನೋ ಪ್ರೋಟೀನ್ ಸೋರುತ್ತದೆ, ಕ್ಯಾಸ್ಪೇಸ್ ಅನ್ನೋ ಕಿಣ್ವಗಳು ಎಚ್ಚರಗೊಂಡು ಕೋಶವನ್ನು ಒಳಗಿಂದಲೇ ಕತ್ತರಿಸಿ ಹಾಕುತ್ತವೆ. ಐಮೀರಿಯಾ ಈ ಸೋರಿಕೆಗೇ ಬಿರಡೆ ಹಾಕಿಸುತ್ತದೆ. ಸ್ಪೇನಿನ ಸಂಶೋಧಕರು 2004ರಲ್ಲಿ ತೋರಿಸಿದ್ದು ಇದನ್ನೇ. ರೋಗಾಣುವಿನ ಎರಡನೇ ತಲೆಮಾರು ಬೆಳೆಯುತ್ತಿರುವ ಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಅನ್ನೋ ಸ್ವಿಚ್ ಆನ್ ಆಗಿರುತ್ತದೆ. ಬಿಸಿಎಲ್-ಎಕ್ಸ್‌ಎಲ್ ಅನ್ನೋ ಪ್ರೋಟೀನ್ ಜಾಸ್ತಿಯಾಗಿರುತ್ತದೆ. ಮೈಟೊಕಾಂಡ್ರಿಯಾ ಸೋರದ ಹಾಗೆ ಕಾಯೋದು ಈ ಪ್ರೋಟೀನೇ. ಮರಿಗಳು ಬಲಿತ ಮೇಲೆ ಸ್ವಿಚ್ ಇಳಿಯುತ್ತದೆ, ಕೋಶ ಸಾಯುತ್ತದೆ, ನೂರಾರು ರೋಗಾಣು ಹೊರಗೆ ಬೀಳುತ್ತವೆ. (ಮರಿ ಅಂದರೆ ಇಲ್ಲಿ ರೋಗಾಣುವಿನ ಮರಿ, ಕೋಳಿಮರಿ ಅಲ್ಲ!)

ಈ ಎರಡನೇ ತಲೆಮಾರು ಸೀಕಾದ ಪೊರೆಯ ಆಳದಲ್ಲಿ, ರಕ್ತನಾಳಗಳ ಪಕ್ಕದಲ್ಲೇ ಬೆಳೆಯುತ್ತದೆ. ಅಲ್ಲಿ ಒಂದೇ ಸಲಕ್ಕೆ ಕೋಶಗಳು ಒಡೆದರೆ ರಕ್ತ ಬರದೇ ಇರುತ್ತಾ? ನೀವು ಮಂಗಳವಾರ ಕಂಡ ರಕ್ತಕ್ಕೆ ಕಾರಣವಾದ ಸೋಂಕು ನಾಲ್ಕೈದು ದಿನ ಮೊದಲೇ ಹೊಟ್ಟೆ ಸೇರಿತ್ತು.

ಪ್ರಶ್ನೆ: ಕಾಕ್ಸಿ ಔಷಧಿ ಆಂಪ್ರೋಲಿಯಂ ನೀರಿನಲ್ಲಿ ಶುರು ಮಾಡಿದ್ದೇನೆ ಮೇಡಂ. ಸುಸ್ತಾಗಿವೆ ಅಂತ ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಕೂಡ ಹಾಕಿದೆ. ನೆಲಕ್ಕೆ ಫಿನೈಲ್ ಹೊಡೆದೆ.

ಉತ್ತರ: ಅಯ್ಯೋ, ಬಿ-ಕಾಂಪ್ಲೆಕ್ಸ್ ಈಗಲೇ ನಿಲ್ಲಿಸಿ. ಆಂಪ್ರೋಲಿಯಂ ನೋಡೋಕೆ ವಿಟಮಿನ್ ಬಿ1 ಥರಾನೇ ಇರುತ್ತದೆ, ರೋಗಾಣುವಿಗೆ ಆ ವಿಟಮಿನ್ ಸಿಗದ ಹಾಗೆ ಮಾಡೋದೇ ಅದರ ಕೆಲಸ. ನೀವು ಅಸಲಿ ಬಿ1 ಸುರಿದರೆ ಔಷಧಿ ನೀರು ಪಾಲು. ಬಿ ವಿಟಮಿನ್ ಕೋರ್ಸ್ ಮುಗಿದ ಮೇಲೆ ಕೊಡಿ. ಈಗ ವಿಟಮಿನ್ ಕೆ ಕೊಡಬಹುದು.

ಇನ್ನೊಂದು ಮಾತು. ಆಂಪ್ರೋಲಿಯಂ ಜೋರು ತೋರಿಸೋದು ಮೊದಲ ತಲೆಮಾರಿನ ಮೇಲೆ, ಅಂದರೆ ಸೋಂಕು ಹೊಟ್ಟೆ ಸೇರಿದ ಮೂರನೇ ದಿನದ ಆಸುಪಾಸು. ರಕ್ತ ಕಂಡ ಕೋಳಿಗಿಂತ ಇನ್ನೂ ಚೆನ್ನಾಗಿ ಓಡಾಡುತ್ತಿರುವ ಕೋಳಿಗೇ ಅದರ ಲಾಭ ಜಾಸ್ತಿ. ಟೋಲ್ಟ್ರಾಜುರಿಲ್ ಅನ್ನೋ ಇನ್ನೊಂದು ಔಷಧಿ ರೋಗಾಣುವಿನ ಕೋಶದೊಳಗಿನ ಎಲ್ಲ ಹಂತಕ್ಕೂ ತಟ್ಟುತ್ತದೆ. ಬದಲಿಸಬೇಕಾ ಅಂತ ನಿಮ್ಮ ಡಾಕ್ಟರು ಹಕ್ಕಿ ನೋಡಿ ಹೇಳಲಿ, ಡೋಸ್ ತೂಕದ ಲೆಕ್ಕ.

ಫಿನೈಲಿಗೆ ಸುಮ್ನೆ ದುಡ್ಡು ಹಾಕಿದಿರಿ. ಹಿಕ್ಕೆಯಲ್ಲಿ ಬರುವ ಊಸಿಸ್ಟ್‌ನ (ರೋಗಾಣುವಿನ ಮೊಟ್ಟೆಯಂಥ ರೂಪ) ಚಿಪ್ಪು ಅದಕ್ಕೆ ಜಗ್ಗಲ್ಲ. ಆದರೆ ಹೊಸ ಊಸಿಸ್ಟ್ ತಕ್ಷಣ ಸೋಂಕು ತರೋದೂ ಇಲ್ಲ. ತೇವ, ಬಿಸಿ, ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ಮಾಗುತ್ತದೆ. ನೆನೆದ ಹೊಟ್ಟನ್ನು ಇವತ್ತೇ ಹೊರಗೆ ಹಾಕಿ.

ಇನ್ನೊಬ್ಬ ಸದಸ್ಯರು (ದಾವಣಗೆರೆ): ಹಾಗಾದರೆ ಆ ಬಿರಡೆಯನ್ನೇ ಕೀಳೋ ಔಷಧಿ ಇಲ್ವಾ ಮೇಡಂ?

ಉತ್ತರ: ಒಳ್ಳೇ ಪ್ರಶ್ನೆ. ಆ ಬಿರಡೆ ಕೋಳಿಯದೇ ಪ್ರೋಟೀನ್ ಅಲ್ವಾ? ಅದನ್ನು ಕಿತ್ತರೆ ಸೋಂಕಿಲ್ಲದ ಕೋಶಗಳೂ ಉದುರಬಹುದು. ಅದಕ್ಕೇ ರೋಗಾಣು ಬಿಡುವ ಪ್ರೋಟೀನುಗಳ ಮೇಲೆ ಸಂಶೋಧಕರ ಕಣ್ಣಿದೆ. ಅಂಗಡಿಯಲ್ಲಿ ಯಾರಾದರೂ ಅಂಥ ಬಾಟಲಿ ತೋರಿಸಿದರೆ ನಂಬಬೇಡಿ.

ಮೊದಲ ಪ್ರಶ್ನೆ ಕೇಳಿದವರು: ಬಿ-ಕಾಂಪ್ಲೆಕ್ಸ್ ನೀರು ಚೆಲ್ಲಿದೆ ಮೇಡಂ. ಒದ್ದೆ ಹೊಟ್ಟು ಎರಡು ಗಾಡಿ ಆಯ್ತು. ಇವತ್ತು ಸತ್ತಿದ್ದು 4.