ಹಳೇ ಜೀನ್ಸ್‌ನಲ್ಲಿ ಸಂತೆ ಚೀಲ ಹೊಲಿಯೋಕೆ ಹೋದರೆ ಸೂಜಿ ಮುರಿಯುತ್ತಿದೆ

ಹಾವೇರಿ ಹುಡುಗಿ:
ಅಣ್ಣನ ಹಳೇ ಜೀನ್ಸ್ ಪ್ಯಾಂಟುಗಳು ಬಿದ್ದಿವೆ. ಮೊಣಕಾಲು ಹರಿದಿದೆ, ಉಳಿದ ಬಟ್ಟೆ ಗಟ್ಟಿ ಇದೆ. ಸಂತೆಗೆ ಒಯ್ಯಲು ಚೀಲ ಮಾಡೋಣ ಅಂತಿದ್ದೇನೆ. ನಮ್ಮದು ಅಮ್ಮನ ಹಳೇ ಕಾಲು ಮಷೀನು. ಬ್ಲೌಸು, ಲಂಗ ಚೆನ್ನಾಗಿ ಹೊಲಿಯುತ್ತದೆ. ಆದರೆ ಜೀನ್ಸ್‌ನ ಪಕ್ಕದ ಹೊಲಿಗೆ ಬಂದ ಕೂಡಲೇ ಟಕ್ ಅಂತ ಸೂಜಿ ಹೋಗುತ್ತದೆ. ಈ ಮಷೀನಿಗೆ ಆಗಲ್ವಾ? ಹಿಡಿಕೆಗೆ ಏನು ಹಾಕಲಿ?

ಬಳ್ಳಾರಿ ದರ್ಜಿ:
ಮಷೀನು ಬದಲಿಸಬೇಡಿ ತಂಗಿ, ಸೂಜಿ ಬದಲಿಸಿ. ಬ್ಲೌಸಿನ ಸೂಜಿ 11 ಅಥವಾ 14 ನಂಬರ್ ಇರುತ್ತದೆ. ಜೀನ್ಸ್‌ಗೆ 16 ಬೇಕು, ತುಂಬಾ ದಪ್ಪ ಇದ್ದರೆ 18. ಹೊಲಿಗೆ ಉದ್ದ ಮಾಡಿ, 3 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ದಾರ ಪಾಲಿಯೆಸ್ಟರ್ ಇರಲಿ.

ಎಷ್ಟೋ ಸಲ ಸೂಜಿ ಮುರಿಯೋದು ದಪ್ಪಕ್ಕಲ್ಲ, ನಾವು ಬಟ್ಟೆ ಎಳೆಯೋದಕ್ಕೆ. ಎಳೆದಾಗ ಸೂಜಿ ಬಾಗಿ ಕೆಳಗಿನ ಪ್ಲೇಟಿಗೆ ಹೊಡೆಯುತ್ತದೆ. ದಪ್ಪ ಜಾಗ ಬಂತಾ, ಪೆಡಲ್ ಬಿಡಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸಿ. ಅದಕ್ಕೂ ಮೊದಲು ಆ ಹೊಲಿಗೆಯ ಮೇಲೆ ಬಟ್ಟೆ ಹಾಕಿ ಸುತ್ತಿಗೆಯಲ್ಲಿ ನಾಲ್ಕೇಟು ಬಡಿದರೆ ಚಪ್ಪಟೆ ಆಗುತ್ತದೆ. ಮಷೀನಿನಲ್ಲಿ ಬಟ್ಟೆ ಒತ್ತಿ ಹಿಡಿಯುವ ಪಾದದ ಮುಂಭಾಗ ಮೇಲಕ್ಕೆದ್ದರೆ ಹಿಂಭಾಗದ ಕೆಳಗೆ ಜೀನ್ಸ್ ತುಂಡೊಂದನ್ನು ಮಡಿಚಿ ಇಡಿ, ಪಾದ ಸಮಕ್ಕೆ ಕೂರುತ್ತದೆ. ಮಷೀನಿನ ಚಕ್ರದ ಚರ್ಮದ ಬೆಲ್ಟ್ ಸಡಿಲ ಇದ್ದರೆ ಅದನ್ನೂ ಬಿಗಿ ಮಾಡಿಕೊಳ್ಳಿ.

ಇನ್ನು ಚೀಲ. ಎಲ್ಲಾ ಬಿಚ್ಚಿ ತುಂಡು ಮಾಡಿ ಮತ್ತೆ ಜೋಡಿಸುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಪ್ಯಾಂಟಿನ ಕಾಲು ಆಗಲೇ ಚೀಲವೇ ಅಲ್ವಾ? ತಳ ಒಂದು ಇಲ್ಲ, ಅಷ್ಟೇ. ಮೊಣಕಾಲಿನ ಮೇಲಿನ ಅಗಲ ಭಾಗ ಕತ್ತರಿಸಿ, ಒಳಮೈ ಹೊರಗೆ ತಿರುಗಿಸಿ, ತಳಕ್ಕೆ ಎರಡು ಸಾಲು ಹೊಲಿಗೆ ಹಾಕಿ. ಎರಡು ಪಕ್ಕದ ಹೊಲಿಗೆಗಳು ಒಂದರ ಮೇಲೊಂದು ಬರದ ಹಾಗೆ ಬಟ್ಟೆ ಸ್ವಲ್ಪ ಸರಿಸಿಕೊಳ್ಳಿ. ಹಿಡಿಕೆಗೆ ಸೊಂಟದ ಪಟ್ಟಿ ಬಿಚ್ಚಿಕೊಳ್ಳಿ, ಅದಕ್ಕಿಂತ ಗಟ್ಟಿ ಪಟ್ಟಿ ನೀವು ಹೊಲಿದರೂ ಬರಲ್ಲ. ಪಟ್ಟಿಯ ತುದಿಗಳನ್ನು ಚೀಲದ ಬಾಯಿಯ ಒಳಗೆ ಇಟ್ಟು ಚೌಕ ಹೊಲಿದು, ನಡುವೆ ಅಡ್ಡಡ್ಡ ಗೀಟು ಹಾಕಿ.

ಜೇಬಿನ ಮೂಲೆಯ ರಿವೆಟ್, ಅಂದರೆ ಆ ಪುಟ್ಟ ಲೋಹದ ಮೊಳೆ, ಅದರ ಹತ್ತಿರ ಮಾತ್ರ ಹೋಗಬೇಡಿ. ಅದನ್ನು ಕಂಡುಹಿಡಿದದ್ದೂ ಒಬ್ಬ ದರ್ಜಿಯೇ, ಅಮೆರಿಕದ ಜೇಕಬ್ ಡೇವಿಸ್. 1873ರಲ್ಲಿ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ ಪೇಟೆಂಟ್ ತಗೊಂಡ. ಜೇಬು ಹರಿಯದಿರಲಿ ಅಂತ ಅವನು ಹಾಕಿದ್ದಕ್ಕೆ ಈಗ ನಮ್ಮ ಸೂಜಿ ಬಲಿ.

ಧಾರವಾಡದ ಕೌದಿ:
ದರ್ಜಿ ಅಣ್ಣ ಹೇಳಿದ್ದು ಸರಿ. ಉಳಿದ ತುಂಡುಗಳನ್ನು ಎಸೀಬೇಡ. ನಾನು ಅವನ್ನು ಕೌದಿಗೆ ಹಾಕುತ್ತೇನೆ. ಆದರೆ ಕೈಸೂಜಿಯಲ್ಲಿ ಸಾಲು ಹೊಲಿಗೆ ಬೇಡ, ಬೆರಳು ಉಳಿಯಲ್ಲ! ಮೇಲೆ ಜೀನ್ಸ್, ಕೆಳಗೆ ಹಳೇ ಕಾಟನ್ ಸೀರೆ, ಅಲ್ಲಲ್ಲಿ ದಪ್ಪ ದಾರದ ಗಂಟು. ನಡುವೆ ಬೇರೆ ಪದರ ಬೇಡ. ಒಗೆಯುವಾಗ ಒದ್ದೆ ಕೌದಿ ಎತ್ತೋಕೆ ಇಬ್ಬರು ಬೇಕಾಗುತ್ತದೆ.

ಹಾವೇರಿ ಹುಡುಗಿ:
16 ನಂಬರ್ ಸೂಜಿ ತಂದೆ ಅಣ್ಣಾ, ಪಕ್ಕದ ಹೊಲಿಗೆ ದಾಟಿತು! ಇನ್ನೊಂದು ಪ್ಯಾಂಟು ರಬ್ಬರಿನ ಹಾಗೆ ಎಳೆಯುತ್ತದೆ. ಅದರಲ್ಲೂ ಚೀಲ ಆಗುತ್ತಾ?

ಬಳ್ಳಾರಿ ದರ್ಜಿ:
ಅದು ಸ್ಟ್ರೆಚ್ ಜೀನ್ಸ್. ಸಂತೆ ಚೀಲಕ್ಕೆ ಬೇಡ, ಆಲೂಗಡ್ಡೆ ಹಾಕಿದರೆ ಜೋತು ಬೀಳುತ್ತದೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೂ ಬೇಡ, ಅದರಲ್ಲಿ ಸಿಂಥೆಟಿಕ್ ನೂಲು ಇರುತ್ತದೆ. ಪೆನ್ಸಿಲ್ ಪೌಚ್ ಮಾಡಿ. ಪ್ಯಾಂಟಿನ ಜಿಪ್ ಚಿಕ್ಕದು, ಪೌಚಿನ ಅಗಲವನ್ನು ಅದರ ಅಳತೆಗೇ ಕತ್ತರಿಸಿ.