ಮಂಡಕ್ಕಿ ಭಟ್ಟಿಯ ಮನೆಯವಳು ನೌಕರಿಯನ್ನೇ ನೋಡಬೇಕೇ?

ಪ್ರಶ್ನೆ: ನಮಸ್ಕಾರ ಮೇಡಂ. ದಾವಣಗೆರೆಯಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಅಜ್ಜನ ಕಾಲದಿಂದ ನಮ್ಮದು ಮಂಡಕ್ಕಿ ಭಟ್ಟಿ. ಮಸಾಲೆ ಮಂಡಕ್ಕಿಯನ್ನು ಪೊಟ್ಟಣ ಕಟ್ಟಿ ಮಾರುವ ಆಸೆ ನನಗೆ. ಅಪ್ಪ ಮಾತ್ರ ‘ಹೊಗೆ ಕುಡಿದದ್ದು ನನ್ನ ತಲೆಗೇ ಸಾಕು, ನೀನು ನೌಕರಿ ನೋಡು’ ಎನ್ನುತ್ತಾರೆ. ವ್ಯಾಪಾರ ಕೆಲವು ಸಮುದಾಯದವರ ರಕ್ತದಲ್ಲೇ ಇರುತ್ತದೆ ಎಂದು ಗೆಳತಿಯರೂ ಹೇಳುತ್ತಾರೆ. ನಿಜವೇ?

ಉತ್ತರ (ಉದ್ಯಮಶೀಲತಾ ತರಬೇತುದಾರರು): ರಕ್ತದ ಮಾತನ್ನು ನಾನು ಒಪ್ಪುವುದಿಲ್ಲ. ಅಂಗಡಿ ಮನೆಯ ಮಕ್ಕಳು ಹತ್ತು ವರ್ಷಕ್ಕೇ ಗಲ್ಲಾದ ಪಕ್ಕ ಕೂರುತ್ತಾರೆ. ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಟ್ಟರೆ ಮುಳುಗಿದ ಹಾಗೆ ಎಂಬುದನ್ನು ನೋಡಿಯೇ ಕಲಿಯುತ್ತಾರೆ. ಆ ಕಲಿಕೆಗೆ ನಾವು ಜಾತಿಯ ಹೆಸರಿಟ್ಟುಬಿಡುತ್ತೇವೆ.

ವಿದ್ಯಾರ್ಥಿಗಳ ಉದ್ಯಮಾಸಕ್ತಿಯನ್ನು ಅಳೆಯುವವರು ಹೆಚ್ಚಾಗಿ ಹಿಡಿಯುವುದು ಮನೋವಿಜ್ಞಾನಿ ಐಸೆಕ್ ಐಜೆನ್ 1991ರಲ್ಲಿ ವಿವರಿಸಿದ ಸಿದ್ಧಾಂತವನ್ನು. ಆ ಕೆಲಸದ ಮೇಲಿನ ಒಲವು, ಹತ್ತಿರದವರು ಏನೆನ್ನುತ್ತಾರೆ ಎಂಬ ಎಣಿಕೆ, ‘ನನ್ನ ಕೈಲಾದೀತು’ ಎಂಬ ನಂಬಿಕೆ: ಈ ಮೂರು ಸೇರಿ ಉದ್ದೇಶ ಗಟ್ಟಿಯಾಗುತ್ತದೆ. ನಿಮಗೆ ಮೊದಲನೆಯದು ಇದೆ, ಮೂರನೆಯದೂ ಅರ್ಧ ಇದೆ. ತೊಡಕೆಲ್ಲ ಎರಡನೆಯದರಲ್ಲಿ. ಸಂಸ್ಕೃತಿ ಮನೆಯೊಳಗೆ ಬರುವುದೂ ಬಹುಮಟ್ಟಿಗೆ ಆ ಬಾಗಿಲಿನಿಂದಲೇ. ಹೆಣ್ಣು ನೋಡಲು ಬಂದವರು ‘ಹುಡುಗಿ ಎಲ್ಲಿ ಕೆಲಸದಲ್ಲಿದ್ದಾಳೆ’ ಎಂದು ಕೇಳುತ್ತಾರಲ್ಲ, ಹಾಗೆ.

ಆದರೆ ಅಪ್ಪನ ಹೆದರಿಕೆಯನ್ನು ಹಳೇ ಕಾಲದ ಬುದ್ಧಿ ಎಂದು ತಳ್ಳಬೇಡಿ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ನಮ್ಮದು. ಹತ್ತಿ ಗಿರಣಿಗಳು ಮುಚ್ಚಿದ್ದನ್ನು ಕಂಡವರಿಗೆ ತಿಂಗಳ ಸಂಬಳವೇ ದೇವರು.

ಮೊದಲು ಇಪ್ಪತ್ತು ಪೊಟ್ಟಣ ಕಟ್ಟಿಡಿ, ಅದೂ ಮಳೆಗಾಲದಲ್ಲಿ. ವಾರಕ್ಕೊಂದು ಬಿಚ್ಚಿ ತಿನ್ನಿ. ಮಂಡಕ್ಕಿ ಎಂದು ಮೆತ್ತಗಾಯಿತು, ಒಗ್ಗರಣೆ ಎಣ್ಣೆ ಎಂದು ಕಮಟು ಹತ್ತಿತು, ಬರೆದಿಡಿ. ನನ್ನ ಬಳಿ ಬಂದ ಬಹಳ ಮಂದಿ ಹೆಸರು, ಲಾಂಛನ ಎಲ್ಲ ತಂದಿದ್ದರು; ಈ ಒಂದು ಚೀಟಿ ಮಾತ್ರ ತಂದಿರಲಿಲ್ಲ.

ಪ್ರಶ್ನೆ: ಸಾಲಕ್ಕೆ ಈಗಲೇ ಅರ್ಜಿ ಹಾಕಲೇ ಮೇಡಂ?

ಉತ್ತರ: ಅವಸರ ಬೇಡ. ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಕೇಂದ್ರದ ಮುದ್ರಾ ಯೋಜನೆಯಲ್ಲಿ ‘ಶಿಶು’ ಎಂಬ ಅತಿ ಚಿಕ್ಕ ಸಾಲದ ವಿಭಾಗವಿದೆ; ಅದರಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಸ್ವಉದ್ಯೋಗ ಕಲಿಸುವ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇರುತ್ತದೆ, ವಿಚಾರಿಸಿ. ಇನ್ನೊಂದು: ಅಪ್ಪನ ಭಟ್ಟಿಯ ಮಂಡಕ್ಕಿಯನ್ನು ದುಡ್ಡು ಕೊಟ್ಟೇ ಕೊಳ್ಳಿ, ರಸೀದಿ ಬರೆಸಿಕೊಳ್ಳಿ. ಮನೆಯ ಮಾಲೆಂದು ಬಿಟ್ಟಿ ತಂದರೆ ಪೊಟ್ಟಣಕ್ಕೆ ಎಷ್ಟು ಬಿದ್ದಿತು ಎಂಬುದೇ ನಿಮಗೆ ತಿಳಿಯುವುದಿಲ್ಲ.